ಕೊಳೆತ ಎಲೆಯ ನೀರು

ಸವಣೂರಿನ ಎಲೆತೋಟದವರ ಕೈಗೆ ಒಂದು ಚಟ. ಕೊಳೆತ ವೀಳ್ಯದೆಲೆ ಕಂಡರೆ ಸಾಕು, ಬೆರಳು ತಾನಾಗಿಯೇ ಅದನ್ನು ಆಚೆ ತಳ್ಳುತ್ತದೆ. ಒಂದು ಕೊಳೆತರೆ ಕಟ್ಟೆಲ್ಲ ಹಾಳು. ಹಾಜರಾಬಿ ಮೂವತ್ತು ವರ್ಷ ಇದನ್ನೇ ಮಾಡಿದವಳು. ಅವಳ ಮಗಳು ನುಜಹತಳಿಗೆ ಈ ಚಟ ನಡಿಗೆಗಿಂತ ಮೊದಲೇ ಬಂದಿತ್ತೆಂದು ನಾನು ಚೇಷ್ಟೆ ಮಾಡುತ್ತಿದ್ದೆ. ಹೈಸ್ಕೂಲಿನಲ್ಲಿ ಅವಳಿಗೆ ವಿಜ್ಞಾನ ಕಲಿಸಿದವಳು ನಾನು.

ನುಜಹತ ಈಗ ಕಾರವಾರದಲ್ಲಿ ಸಂಶೋಧನೆ ಮಾಡುತ್ತಾಳೆ. ಉಪ್ಪುನೀರಿನಲ್ಲೇ ಬೇರುಬಿಟ್ಟು ನಿಲ್ಲುವ ಕಾಂಡ್ಲಾ ಕಾಡಿನಲ್ಲಿ, ಎಲೆಯ ನಾರಾದ ಸೆಲ್ಯುಲೋಸನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಹುಡುಕುವುದು ಅವಳ ಕೆಲಸ. ಒಂದೂವರೆ ವರ್ಷವಾದರೂ ಒಂದೂ ಸಿಕ್ಕಿರಲಿಲ್ಲ. ಇನ್ನೊಂದೇ ಸಲ ಪರೀಕ್ಷೆಗೆ ಅಲ್ಲಿಯ ನೀರು ತಾ, ಇಲ್ಲದಿದ್ದರೆ ವಿಷಯ ಬದಲಿಸು ಎಂದು ಮಾರ್ಗದರ್ಶಕರು ಹೇಳಿಬಿಟ್ಟರು. ಬಕ್ರೀದಿಗೆ ಊರಿಗೆ ಬಂದಾಗ ಹುಡುಗಿಯ ಮುಖ ಬಾಡಿತ್ತು.

ಅಂದು ತಾಯಿ ಮಗಳು ಎಲೆ ಆರಿಸುತ್ತಿದ್ದರು. ನಾನು ಎದುರಿಗೆ ಚಹಾ ಕುಡಿಯುತ್ತ ಕುಳಿತಿದ್ದೆ.

"ನೀರು ಹ್ಯಾಂಗ ತುಂಬತಿ?" ಹಾಜರಾಬಿ ಕೇಳಿದಳು.

"ಕೊಳೆತ ಎಲಿ ಸರಿಸಿ ಬಾಟ್ಲಿ ಅದ್ದತೇನಿ," ಎನ್ನುತ್ತ ನುಜಹತ ಕೊಳೆತ ಎಲೆಯೊಂದನ್ನು ಆಚೆ ತಳ್ಳಿದಳು. ಕೈ ಅಲ್ಲೇ ನಿಂತಿತು. "ಯಾ ಅಲ್ಲಾ! ಟೀಚರ್, ಎಲಿ ತಿನ್ನೋ ಜೀವ ಎಲಿ ಮ್ಯಾಲ ಇರ್ತಾವರಿ. ನಾ ತಾಟು ಸರಿಸಿ ಉಣ್ಣಾವ್ರನ್ನ ಹುಡುಕಾಕತ್ತೇನಿ!"

ನನಗೆ ನಗು ಬಂತು. ಒಂದೂವರೆ ವರ್ಷ ನೆನೆದು ಸಂಕಟವೂ ಆಯಿತು.

ಮುಂದಿನ ವಾರ ಅವಳು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಕೊಳೆತ ಎಲೆಗಳ ನಡುವಿನ ಕಪ್ಪು ನೀರನ್ನೇ ತುಂಬಿಕೊಂಡಳು. ಹದಿನೈದು ದಿನದ ಮೇಲೆ ವಿಡಿಯೊ ಕರೆ ಬಂತು. ಹಾಜರಾಬಿ ನನ್ನನ್ನು ಕರೆಸಿದಳು. ಪರದೆಯ ಮೇಲೆ ಪುಟ್ಟ ಗಾಜಿನ ತಟ್ಟೆ. ಸೆಲ್ಯುಲೋಸ್ ಬೆರೆಸಿದ ತೆಳು ಪದರದ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ, ಸೆಲ್ಯುಲೋಸಿಗೆ ಅಂಟುವ ಕೆಂಪು ಬಣ್ಣ ಸುರಿದು ಉಪ್ಪುನೀರಿನಲ್ಲಿ ತೊಳೆದಿದ್ದಳು. ಎಲ್ಲ ಕೆಂಪಗಿತ್ತು. ಒಂದು ಚುಕ್ಕೆಯ ಸುತ್ತ ಮಾತ್ರ ಬಣ್ಣ ಹೋಗಿ, ತಿಳಿಯಾದ ಉಂಗುರ.

"ಅಲ್ಲೀದು ಅಷ್ಟೂ ತಿಂದಾವರಿ, ಟೀಚರ್," ಎನ್ನುತ್ತ ಅವಳು ತಟ್ಟೆಯನ್ನು ಇನ್ನೂ ಹತ್ತಿರ ಹಿಡಿದಳು.

ಕಣ್ಣಿಗೆ ಕಾಣದ ಜೀವ ಉಂಡೆದ್ದ ಗುರುತು! ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನಾನು ಅದನ್ನು ಕಣ್ಣಾರೆ ಕಂಡದ್ದು ಅಂದೇ. ವಿಷಯ ಬದಲಿಸುವ ಮಾತು ಅಲ್ಲಿಗೇ ನಿಂತಿತು.

ಹಾಜರಾಬಿ ಪಕ್ಕದಲ್ಲಿದ್ದ ಕೊಳೆತ ಎಲೆಯ ಬುಟ್ಟಿಯತ್ತ ನೋಡಿ, "ಕಾಣದವ್ರಿಗೂ ತಾಟು ಇಟ್ಟಾನಲ್ರಿ ಮ್ಯಾಲಿನ ಮಾಲೀಕ," ಎಂದಳು.

ಈಗ ಅವಳು ಆ ಬುಟ್ಟಿಯನ್ನು ಗಟಾರಕ್ಕೆ ಸುರಿಯುವುದಿಲ್ಲ. ತೋಟದ ಮೂಲೆಯಲ್ಲಿ ಗುಂಡಿ ತೋಡಿಸಿದ್ದಾಳೆ. ಅದರಲ್ಲಿ ಎಲೆ ಸುರಿಯುವ ಮುನ್ನ, ಉಣ್ಣುವ ಮೊದಲು ಹೇಳುವಂತೆ, ಮೆಲ್ಲಗೆ "ಬಿಸ್ಮಿಲ್ಲಾ" ಎನ್ನುವುದನ್ನು ನಾನೇ ಕೇಳಿದ್ದೇನೆ.