ಹಿಂದೆ ನೋಡಿ ಎಸೆಯುವ ಸಣ್ಣಸ್ವಾಮಿ
ಕುಶಾಲನಗರದ ಕೆಳಗೆ ಹೊಳೆ ಅಗಲವಾಗುವ ಕಡೆ, ಗಾಳಕ್ಕೆ ಗರಿ ಕಟ್ಟಿದ ಹುಸಿನೊಣವನ್ನು ದಾರದ ಸಮೇತ ಮೊದಲು ಹಿಂದಕ್ಕೆ ಬೀಸಿ ಆಮೇಲೆ ಮುಂದಕ್ಕೆ ಎಸೆದು ಮೀನು ಹಿಡಿಯುವವರಲ್ಲಿ ಸಣ್ಣಸ್ವಾಮಿಯವರಷ್ಟು ದೂರ ಎಸೆಯುವವರು ಇನ್ನೊಬ್ಬರಿಲ್ಲ, ಅವರಷ್ಟು ಗಾಬರಿ ಬೀಳುವವರೂ ಇಲ್ಲ. ಮನೆ ಬಿಡುವಾಗ ಗ್ಯಾಸ್ ಆಫ್ ಆಗಿದೆಯೋ ಎಂದು ನೋಡುತ್ತಾರೆ, ಗೇಟಿನಿಂದ ವಾಪಸು ಹೋಗಿ ಇನ್ನೊಮ್ಮೆ ಮೂಸುತ್ತಾರೆ. ಗೋಣಿಕೊಪ್ಪಲಿನ ಬಸ್ಸು ಸ್ವಲ್ಪ ತಡವಾದರೂ ಆಕ್ಸಿಡೆಂಟೇ ಆಗಿರಬೇಕು ಎನ್ನುತ್ತಾರೆ. ಇಂಥ ಮನುಷ್ಯ ಕಲಿಯಲು ಬಂದವರಿಗೆ ಹೇಳುವುದು ಮಾತ್ರ ಒಂದೇ: "ಅವಸರ ಮಾಡ್ಬೇಡಿ ಮಾರಾಯ್ರೇ. ದಾರ ಹಿಂದೆ ಪೂರ್ತಿ ಬಿಚ್ಕೊಂಡು ನೆಟ್ಟಗಾಗ್ಲಿ, ಆಮೇಲೆ ಮುಂದಕ್ಕೆ ಬಿಡಿ." ಮೊಣಕಾಲುದ್ದ ನೀರಿನಲ್ಲಿ ನಿಂತು ತಾವು ಎಸೆಯುವಾಗ, ದಾರ ಹಿಂದಕ್ಕೆ ಹಾರುತ್ತಲೇ ಕತ್ತು ತಿರುಗಿಸಿ, ಅದು ನೆಟ್ಟಗಾಗುವ ತನಕ ಉಸಿರು ಬಿಗಿಹಿಡಿದು ದಡದ ಕಡೆ ನೋಡುತ್ತಾರೆ. "ಮೀನು ಕಾಲಬುಡದಲ್ಲೇ ಆಡ್ತಾವೆ, ಅಷ್ಟು ದೂರ ಯಾಕೆ ಸ್ವಾಮ್ಯಣ್ಣ?" ಎಂದು ಜೊತೆಗಾರ ನಿರಂಜನ್ ಛೇಡಿಸಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ದಡದ ಮೇಲೆ, ದಾರದ ಹಾದಿ ತಪ್ಪಿಸಿ ಹಾಕಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹೆಂಡತಿ ರಾಮಮ್ಮ ಕೂತಿರುತ್ತಾರೆ. ಹೋದ ವರ್ಷ ಇವರು ಹೊಳೆಯಲ್ಲಿದ್ದಾಗ ರಾಮಮ್ಮ ಅಡಿಗೆಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದರು, ಒಲೆ ಉರಿಯುತ್ತಲೇ ಇತ್ತು. ಅಂದಿನಿಂದ ಅವರನ್ನು ಒಬ್ಬರನ್ನೇ ಬಿಟ್ಟು ಬಂದಿಲ್ಲ. ಮುಂದೆ ಎಷ್ಟು ದೂರ ಎಸೆಯಬೇಕೋ, ದಾರ ಹಿಂದೆ ಬಿಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು; ಅಷ್ಟು ಹೊತ್ತು ಅವರನ್ನು ನೋಡಬಹುದು. ರಾಮಮ್ಮನಿಗೂ ಇದು ಗೊತ್ತು. ದಾರ ನೆಟ್ಟಗಾಗುವಷ್ಟರಲ್ಲಿ ಕೈ ಎತ್ತಿ ಕೂಗುತ್ತಾರೆ: "ಇದ್ದೀನಿ ಕಣ್ರೀ, ಎಸೀರಿ."