ಮೂರು ಹತ್ತಕ್ಕೆ ಕಡಿಯುವ ಸಂಪರ್ಕ

ನಮ್ಮ ಭಾವನವರನ್ನು ಊರೆಲ್ಲ ಕಡ್ಡಿ ಮಾಸ್ತರು ಎಂದು ಕರೆಯುತ್ತದೆ. ಅವರು ಯಾವ ತರಗತಿಗೂ ಪಾಠ ಮಾಡಿದವರಲ್ಲ. ಇಪ್ಪತ್ತೆರಡು ವರ್ಷ ಶಾಲೆಯೊಂದರ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ತೊಳೆದು, ಒರೆಸಿ, ಬೀರುವಿಗೆ ಬೀಗ ಹಾಕಿ ನಿವೃತ್ತರಾದವರು. ಯಾರೋ ಬಾಯಿತಪ್ಪಿ ‘ಮಾಸ್ತರೇ’ ಎಂದರು, ಇವರು ತಿದ್ದಲಿಲ್ಲ. ಬಡ್ತಿ ಆದದ್ದು ಹಾಗೆ. ಕಡ್ಡಿ ಸೇರಿಕೊಂಡದ್ದು ಆಮೇಲೆ, ಮನೆಮನೆಗೆ ಹೋಗಿ ವೈಫೈ ಹಾಕಿಕೊಡಲು ಶುರುಮಾಡಿದ ಮೇಲೆ. “ಮಾಸ್ತರೇ, ನಮ್ಮ ರೂಮಲ್ಲಿ ಎರಡೇ ಕಡ್ಡಿ ಬರ್ತಿದೆ” ಎಂದು ಜನ ಫೋನು ಮಾಡುತ್ತಿದ್ದರು. ಇವರಿಗೋ ಕಡ್ಡಿಯೆಂದರೆ ಮೈಯೆಲ್ಲ ಉರಿ. “ಕಡ್ಡಿ ಅನ್ನೋದು ನಿಮ್ಮನ್ನ ಸಮಾಧಾನ ಮಾಡೋಕೆ ಬಿಡಿಸಿದ ಚಿತ್ರ. ನಂಬರ್ ನೋಡ್ರಿ, ನಂಬರ್. ಐವತ್ತು ಅಂದ್ರೆ ಎದುರಿಗೆ ಕೂತು ಮಾತಾಡಿದ ಹಾಗೆ. ಎಪ್ಪತ್ತು ಅಂದ್ರೆ ಬೀದಿ ಆಚೆಯಿಂದ ಕೂಗಿದ ಹಾಗೆ. ಎಂಬತ್ತು ದಾಟಿತೋ, ಮುಗೀತು” ಎಂದು ಗದರುತ್ತಿದ್ದರು. ಹೆಸರು ಮಾತ್ರ ಅಂಟಿಕೊಂಡೇ ಬಿಟ್ಟಿತು.

ಅವರ ಬಳಿ ಉದ್ದನೆಯದೊಂದು ನೋಟುಪುಸ್ತಕವಿದೆ. ಮನೆಗೊಂದು ಪುಟ: ದೂರು, ಕಾರಣ, ಪರಿಹಾರ. ಕಾರಣದ ಜಾಗ ಖಾಲಿ ಬಿಟ್ಟ ಪುಟ ಒಂದೂ ಇಲ್ಲ ಎಂಬುದು ಅವರ ಜೀವನದ ದೊಡ್ಡ ಹೆಮ್ಮೆ. ‘ಗೋಡೆಯಷ್ಟು ಕನ್ನಡಿ.’ ‘ಮೀನಿನ ತೊಟ್ಟಿ.’ ‘ಅತ್ತೆಯವರು ಉಕ್ಕಿನ ಬೀರುವನ್ನು ಬೇಕೆಂದೇ ಸೊಸೆಯ ರೂಮಿನ ಗೋಡೆಗೆ ಜರುಗಿಸಿದ್ದು.’ ಗಿರಾಕಿ ಹೇಳುವ ಕಾರಣವನ್ನು ಅವರು ಕೇಳಿಸಿಕೊಳ್ಳುವುದೇ ಇಲ್ಲ. ರೋಗಿಯೇ ರೋಗದ ಹೆಸರು ಹೇಳಿದರೆ ವೈದ್ಯನಿಗೇನು ಮರ್ಯಾದೆ ಎನ್ನುತ್ತಾರೆ.

ಒಂದು ಶನಿವಾರ ನನ್ನನ್ನೂ ಎಳೆದುಕೊಂಡು ಹೋದರು. ಅಕ್ಕನನ್ನು ಕೊಟ್ಟ ಮನೆಯವನಾದ್ದರಿಂದ ಏಣಿ ಹಿಡಿಯುವ ಹಕ್ಕು ನನಗೆ ಹುಟ್ಟಿನಿಂದಲೇ ಬಂದಿದೆ.

ಅದು ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಮನೆ. ರೈಲಿನ ಡಬ್ಬಿಯಂತೆ ಉದ್ದಕ್ಕಿತ್ತು. ಮುಂದೆ ಒಂದು ಕೋಣೆ, ಅಲ್ಲಿಂದ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಂಥ ಓಣಿ, ಅದರ ಕೊನೆಗೆ ಅವಳ ತಾಯಿ ಮಲಗಿದ್ದ ಕೋಣೆ. ತಾಯಿ ಬಿದ್ದು ಸೊಂಟ ಮುರಿದುಕೊಂಡು ಮೂರು ತಿಂಗಳಾಗಿತ್ತು. ಮಗಳು ಅಂದಿನಿಂದ ಕೆಲಸಕ್ಕೆ ಹೋಗಿರಲಿಲ್ಲ. ಸೋಮವಾರ ಬರದಿದ್ದರೆ ಅವಳ ಮೆಷಿನ್ನಿಗೆ ಬೇರೆಯವರನ್ನು ಕೂರಿಸುತ್ತೇನೆಂದು ಅಂಗಡಿಯವನು ಹೇಳಿ ಕಳಿಸಿದ್ದ. ತಾಯಿಯ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿದ್ದರು. ಮುದುಕಿ ಏಳಲು ಹೋದರೆ, ನಾಡಿ ಏರುಪೇರಾದರೆ, ಅದು ವೈಫೈ ಮೂಲಕ ಮಗಳ ಫೋನಿಗೆ ಅಲಾರಂ ಕಳಿಸಬೇಕು. ಕಳಿಸುತ್ತಲೂ ಇತ್ತು. ಆದರೆ ದಿನಾ ಮಧ್ಯಾಹ್ನ ಮೂರು ಹತ್ತಕ್ಕೆ ಸಂಪರ್ಕ ಕಡಿದು, ಮುಕ್ಕಾಲು ಗಂಟೆ ಸತ್ತಂತಿದ್ದು, ತಾನಾಗಿಯೇ ಬರುತ್ತಿತ್ತು.

“ಆ ಮುಕ್ಕಾಲು ಗಂಟೇಲೇ ಅಮ್ಮ ಎದ್ದು ಬಿದ್ರೆ?” ಎಂದಳು ಮಗಳು. “ಇದನ್ನ ನಂಬಿ ಹೋಗ್ಲೋ ಬೇಡ್ವೋ, ಅದೊಂದು ಹೇಳಿ ಸಾಕು.”

“ಹೇಳೋಣ, ಹೇಳೋಣ” ಎಂದರು ಭಾವ, ಪೆನ್ಸಿಲು ಚೂಪು ಮಾಡುತ್ತ.

ಮುಂಗೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಹಿಂದೆ, ನೆಲದ ಮೇಲೆ ಅನಾಥವಾಗಿ ಕೂತಿದ್ದ ವೈಫೈ ಪೆಟ್ಟಿಗೆಯನ್ನು ಓಣಿಯ ಬಾಗಿಲ ಮೇಲಕ್ಕೆ ಏರಿಸಿದರು. ಪಕ್ಕದ ಮನೆಯ ಪೆಟ್ಟಿಗೆಯೊಂದಿಗೆ ಕಾದಾಡದಂತೆ ಚಾನೆಲ್ ಬದಲಿಸಿದರು. ಹೆಜ್ಜೆಹೆಜ್ಜೆಗೂ ನಿಂತು ನಂಬರನ್ನು ಗೋಡೆಯ ಮೇಲೆ ಬರೆದರು. ಮನುಷ್ಯನ ಮೈಯೂ ಸಿಗ್ನಲ್ಲು ತಿನ್ನುತ್ತದೆಯಂತೆ. ಅದನ್ನು ತೋರಿಸಲು ನನ್ನನ್ನು ಓಣಿಯಲ್ಲಿ ನಿಲ್ಲಿಸಿದರು.

“ನೋಡಮ್ಮ, ಸಾಮಾನ್ಯ ಮನುಷ್ಯ ನಾಲ್ಕು ತಿಂತಾನೆ. ನಮ್ಮ ಭಾಮೈದ ಏಳು. ಅದರಲ್ಲಿ ಮೂರು ಹೊಟ್ಟೆದೇ.”

“ಅಕ್ಕನ ಕೈಯಡುಗೆ ನೀವೂ ತಿಂತೀರಲ್ಲ ಭಾವ, ನಿಮ್ಮದೆಷ್ಟು?”

“ನಾನು ಅಳೆಯೋನು ಕಣಯ್ಯ. ಅಳೆಯೋನನ್ನ ಅಳೆಯಬಾರದು.”

ನಾನು ಹಾಸಿಗೆಯ ಪಕ್ಕಕ್ಕೇ ಹೋಗಿ ನಿಂತಾಗ ಸಿಗ್ನಲ್ಲು ಹನ್ನೆರಡು ಕುಸಿಯಿತು. ಪಟ್ಟಿಗೆ ಹತ್ತಿರವಾದಷ್ಟೂ ಅಡ್ಡ ಜಾಸ್ತಿ ಎಂದು ಅವರು ವಿವರಿಸಿದರು. ನಾನು ಸರಿದ ಮೇಲೆ ಭಾವನ ಫೋನಿನಲ್ಲಿ ಪಟ್ಟಿಯ ನಂಬರು ಎಪ್ಪತ್ತೆರಡಕ್ಕೆ ಬಂದು ನಿಂತಿತು. ಎರಡೂವರೆಗೆಲ್ಲ ಕೆಲಸ ಮುಗಿಯಿತೆಂದು ಸಾರಿ, ಮುದುಕಿಯ ಕೋಣೆಯಲ್ಲಿದ್ದ ಒಂದೇ ಒಂದು ಕುರ್ಚಿಯತ್ತ ನಡೆದರು. ಅದು ಹಾಸಿಗೆಯ ಆಚೆ ಬದಿಗೆ, ಕಿಟಕಿಯ ಕೆಳಗಿತ್ತು. ಮೂರು ತಿಂಗಳಿಂದ ಔಷಧಿಯ ರಟ್ಟಿನ ಡಬ್ಬಿಗಳು ಅದರ ಮೇಲೆ ಸಂಸಾರ ಹೂಡಿದ್ದವು. ಅವನ್ನೆಲ್ಲ ನೆಲಕ್ಕಿಳಿಸಿ ಭಾವ ಕುಳಿತರು. ನಾನು ಬಾಗಿಲ ಹೊಸ್ತಿಲಿನಾಚೆ, ಸಿಗ್ನಲ್ಲಿಗೆ ಅಡ್ಡ ಬರದಷ್ಟು ತಗ್ಗಾಗಿ, ಮಡಚಿ ಮಲಗಿಸಿದ ಏಣಿಯ ಮೇಲೆ ಕುಳಿತೆ. ಮಗಳು ಅಡುಗೆಮನೆಯಲ್ಲಿ ಚಹಾ ಕಾಯಿಸುತ್ತಿದ್ದಳು. ಮುದುಕಿ ಕಣ್ಣು ಮುಚ್ಚಿಕೊಂಡಿತ್ತು. ನಾವು ಬಂದಾಗಿನಿಂದ ಅದು ಒಂದು ಮಾತೂ ಆಡಿರಲಿಲ್ಲ.

ಮೂರು ಹತ್ತಕ್ಕೆ ಭಾವ ಫೋನಿನಿಂದ ತಲೆಯೆತ್ತದೆ, “ಓಣೀಲಿ ಓಡಾಡಬೇಡ್ವೋ” ಎಂದರು.

“ನಾನು ಇಲ್ಲೇ ಕೂತಿದೀನಿ.”

“ಹಾಗಾದ್ರೆ ಅವಳಿಗೆ ಹೇಳು.”

ಅಡುಗೆಮನೆಯಲ್ಲಿ ಲೋಟ ಇಡುವ ಸದ್ದು ಕೇಳುತ್ತಿತ್ತು. ಭಾವ ಎದ್ದು ಬಂದು ನನ್ನ ಬೆನ್ನ ಹಿಂದಿನ ಓಣಿಯನ್ನು ನೋಡಿದರು. ಈ ತುದಿಯಿಂದ ಆ ತುದಿಯವರೆಗೆ ಪೆನ್ಸಿಲಿನ ನಂಬರುಗಳು ಬಿಟ್ಟರೆ ಅಲ್ಲೇನೂ ಇರಲಿಲ್ಲ. ಫೋನು ಎಪ್ಪತ್ತಾರು ತೋರಿಸುತ್ತಿತ್ತು.

“ನಾಲ್ಕು” ಎಂದರು ಮೆಲ್ಲಗೆ. ಮತ್ತೆ ಹೋಗಿ ಕುರ್ಚಿಯಲ್ಲಿ ಕೂತರು. ಸಂಕಟದಲ್ಲಿ ಅವರು ಕೂರುವುದೇ ಹಾಗೆ, ಅಧ್ಯಕ್ಷರು ಕೂತಂತೆ.

ಸಿಗ್ನಲ್ಲು ಒಮ್ಮೆಲೇ ಬೀಳಲಿಲ್ಲ. ಎಪ್ಪತ್ತಾರು, ಸ್ವಲ್ಪ ಹೊತ್ತು ಎಪ್ಪತ್ತೈದು, ಮತ್ತೆ ಎಪ್ಪತ್ತೇಳು. ವಯಸ್ಸಾದವರು ಎರಡು ಹೆಜ್ಜೆ ಇಟ್ಟು ಸುಧಾರಿಸಿಕೊಂಡು ಬರುವ ಹಾಗೆ. ನಾನು ಏಣಿಯ ಸಮೇತ ಗೋಡೆಗೆ ಒತ್ತಿಕೊಂಡೆ. ಯಾಕೆ ಒತ್ತಿಕೊಂಡೆ ಎಂದು ಕೇಳಿದರೆ ದಾರಿ ಬಿಡಲು ಎಂದೇ ಹೇಳಬೇಕಾಗುತ್ತದೆ. ಎಪ್ಪತ್ತೊಂಬತ್ತು. ಎಂಬತ್ತೆರಡು. ಎಂಬತ್ತನಾಲ್ಕಕ್ಕೆ ಪಟ್ಟಿಯ ಮೇಲಿನ ಹಸಿರು ದೀಪ ಆರಿತು.

ಮುದುಕಿ ಕಣ್ಣು ಬಿಟ್ಟಿತು. ಹಾಸಿಗೆಯ ಈಚೆ ಬದಿಯಲ್ಲಿ, ಮನುಷ್ಯ ನಿಂತರೆ ಮುಖ ಎಷ್ಟು ಎತ್ತರಕ್ಕಿರುತ್ತದೋ ಅಷ್ಟು ಎತ್ತರಕ್ಕೆ ನೋಡಿತು. ಆಮೇಲೆ ಭಾವನ ಕಡೆ ತಿರುಗಿ ಹೇಳಿತು:

“ಕುರ್ಚಿ ಬಿಡಪ್ಪ. ಆವಾಗಿಂದ ನಿಂತೇ ಇದಾರೆ.”

ಮದುವೆಯ ಮನೆಯಲ್ಲಿ ಬೀಗರಿಗೇ ಕುರ್ಚಿ ಬಿಡದ ಮನುಷ್ಯ ನಮ್ಮ ಭಾವ. ಅವತ್ತು ಎದ್ದರು. ಎದ್ದವರು ನೇರ ಬಂದು ಏಣಿಯ ಮೇಲೆ ನನ್ನ ಪಕ್ಕ ಕೂತರು. ಅವರ ತೋಳು ನನ್ನ ತೋಳಿಗೆ ಅಂಟಿಕೊಂಡಿತ್ತು, ತಣ್ಣಗಿತ್ತು. ಐದಾರು ಉಸಿರಿನಷ್ಟು ಹೊತ್ತಾಯಿತು. ಹಸಿರು ದೀಪ ಹತ್ತಿತು. ಫೋನು ಎಪ್ಪತ್ತೆರಡು ತೋರಿಸಿತು, ಮತ್ತೆ ಅಲ್ಲಾಡಲಿಲ್ಲ.

ಚಹಾ ತಂದ ಮಗಳು ನಮ್ಮ ಮುಖ ನೋಡಿ ತಟ್ಟೆಯನ್ನು ನೆಲದ ಮೇಲೆ ಇಟ್ಟಳು. ಭಾವ ನಡೆದದ್ದನ್ನು ನಂಬರುಗಳಲ್ಲೇ ಹೇಳಿದರು. ಕಿಟಕಿ ಕಡೆ ಕೂತರೆ ಪೆಟ್ಟಿಗೆಗೂ ಪಟ್ಟಿಗೂ ಅಡ್ಡ ಬರುವುದಿಲ್ಲ, ಈಚೆ ನಿಂತರೆ ಬರುತ್ತದೆ, ಆದ್ದರಿಂದ ಆ ಕುರ್ಚಿಯ ಮೇಲೆ ಏನೂ ಇಡಬಾರದು.

“ಯಾರು ಮಾಸ್ತರೇ ಅದು?”

“ಅಡ್ಡ ಇದೆಯೋ ಇಲ್ವೋ ಅಷ್ಟೇ ಇದರಲ್ಲಿ ಗೊತ್ತಾಗೋದು. ಯಾರು ಅಂತ ಇದು ಹೇಳಲ್ಲಮ್ಮ.” ಆಮೇಲೆ ದನಿ ತಗ್ಗಿಸಿ, “ನಿಮ್ಮ ತಂದೆಯವರೇನಾದ್ರೂ...” ಎಂದರು.

“ಅಪ್ಪ ಅಲ್ಲ. ಅಪ್ಪ ಆಗಿದ್ರೆ ಮೊದಲು ಅಡುಗೆಮನೆಗೆ ಬಂದು ಪಾತ್ರೆ ಮುಚ್ಚಳ ತೆಗೆದು ನೋಡ್ತಿದ್ರು.” ಅವಳು ತಾಯಿಯ ಕಡೆ ನೋಡಿದಳು. ಮುದುಕಿ ಮತ್ತೆ ಕಣ್ಣು ಮುಚ್ಚಿತ್ತು. ತುಟಿ ಮಾತ್ರ ಯಾರ ಮಾತಿಗೋ ಹೂಂಗುಟ್ಟುವಂತೆ ಆಗಾಗ ಅಲುಗುತ್ತಿತ್ತು.

ಹೊರಗೆ ಬಂದು ಭಾವ ನೋಟುಪುಸ್ತಕ ತೆರೆದರು. ಕಾರಣದ ಜಾಗದ ಮುಂದೆ ಪೆನ್ಸಿಲು ಬಹಳ ಹೊತ್ತು ನಿಂತಿತು. ಕೊನೆಗೆ ‘ಜನಸಂಚಾರ’ ಎಂದು ಬರೆದು, ನಾನು ನೋಡಿದೆನೇ ಎಂದು ನೋಡಿ, ಮುಚ್ಚಿದರು.

ಸೋಮವಾರ ಮಗಳು ಕೆಲಸಕ್ಕೆ ಹೋದಳು. ಪರೀಕ್ಷೆಗೆಂದು ಒಂದು ವಾರ ಪಟ್ಟಿಯ ನಂಬರು, ಅಲಾರಂ ಎರಡೂ ಮಗಳ ಫೋನಿಗೆ ಬರುವಂತೆ ತಮ್ಮ ಫೋನಿಗೂ ಬರುವಂತೆ ಭಾವ ಮಾಡಿಕೊಂಡಿದ್ದರು. ಮೂರು ಗಂಟೆಗೆ ನನ್ನನ್ನು ಕರೆಸಿಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು, ಹೆದರಿಕೆಗಲ್ಲವಂತೆ. ಮೂರು ಹತ್ತಕ್ಕೆ ನಂಬರು ಮೆಲ್ಲಮೆಲ್ಲಗೆ ಏರುತ್ತ ಬಂತು, ಒಂದು ಕ್ಷಣ ಎಂಬತ್ತಕ್ಕೆ ಮುಟ್ಟಿತು, ಎಪ್ಪತ್ತೆರಡಕ್ಕೆ ನಿಂತಿತು. ಸಂಪರ್ಕ ಕಡಿಯಲಿಲ್ಲ. ಭಾವ ಮೀಸೆ ತಿರುವಿಕೊಳ್ಳಲು ಕೈಯೆತ್ತಿದರು. ಮೂರು ಐವತ್ತೈದಕ್ಕೆ ಅಲಾರಂ ಹೊಡೆಯಿತು.

ನಾವು ಏದುಸಿರು ಬಿಡುತ್ತ ಹೋಗುವಷ್ಟರಲ್ಲಿ ಮಗಳು ಬೀಗ ತೆಗೆದು ಒಳಗೆ ಹೋಗಿದ್ದಳು. ಮೂರು ತಿಂಗಳಿಂದ ಮಗ್ಗುಲು ಹೊರಳಿಸಲೂ ಇನ್ನೊಬ್ಬರು ಬೇಕಾಗಿದ್ದ ಮುದುಕಿ ನೆಲದ ಮೇಲೆ ಎರಡೂ ಪಾದ ಊರಿ ನಿಂತಿತ್ತು. ಒಂದು ಕೈ ಮಂಚದ ಮೇಲಿತ್ತು. ಇನ್ನೊಂದು ಕೈ ಮುಂದೆ ಚಾಚಿ, ಯಾರದೋ ತೋಳು ಹಿಡಿದಂತೆ ಬೆರಳು ಮಡಿಸಿಕೊಂಡಿತ್ತು.

“ಅಮ್ಮ, ಎಲ್ಲಿಗೆ?”

“ಹೊರಟ್ರಲ್ಲ. ಬಾಗಿಲವರೆಗಾದ್ರೂ ಕಳಿಸಿಬರೋದು ಬೇಡ್ವೇನೆ?”

ಮಗಳು ಓಡಿಹೋಗಿ ಹಿಡಿದುಕೊಂಡಳು. ಮುದುಕಿಯ ಕಾಲು ಆಗ ಕುಸಿಯಿತು. ಅರ್ಧ ಗಳಿಗೆ ತಡವಾಗಿದ್ದರೆ ನೆಲದ ಮೇಲಿರುತ್ತಿತ್ತು. ಇಬ್ಬರೂ ಸೇರಿ ಮಲಗಿಸಿದೆವು. ಭಾವ ಬಾಗಿಲಲ್ಲೇ ನಿಂತು ಫೋನು ನೋಡುತ್ತಿದ್ದರು.

ಮಗಳು ಹೊದಿಕೆ ಸರಿಮಾಡಿದಳು. ಬೆವರು ಒರೆಸಿಕೊಂಡಳು. ಗಡಿಯಾರ ನೋಡಿದಳು, ಆರರವರೆಗೆ ಕೆಲಸವಿತ್ತು. ನಂತರ ಕಿಟಕಿಯ ಕಡೆಗಲ್ಲ, ಓಣಿಯ ಕಡೆ ತಿರುಗಿ, ಬಟ್ಟೆ ಹೊಲಿಯಲು ಕೊಟ್ಟು ದಿನಾ ಬಂದು ಕಾಡುವ ಗಿರಾಕಿಯೊಡನೆ ಮಾತಾಡುವ ದನಿಯಲ್ಲಿ ಹೇಳಿದಳು:

“ನೋಡಿ, ನೀವು ಯಾರೋ ನಂಗೊತ್ತಿಲ್ಲ. ಬನ್ನಿ, ಕೂತ್ಕೊಳ್ಳಿ, ಮಾತಾಡ್ಸಿ, ಬೇಡ ಅನ್ನಲ್ಲ. ಆದ್ರೆ ಹೋಗುವಾಗ ಇವರನ್ನ ಎಬ್ಬಿಸ್ಬೇಡಿ. ನಾನು ಕೆಲಸಕ್ಕೆ ಹೋಗ್ಬೇಕು.”

ಅವಳು ಬೀಗ ಹಾಕಿಕೊಂಡು ಹೊರಟಳು.

ಮರುದಿನ ನಾನು ಆ ಅಂಗಡಿಗೆ ಹೋಗಿದ್ದೆ, ಸೊಂಟ ಬಿಗಿಯಾದ ಪ್ಯಾಂಟೊಂದರ ನೆಪ ಮಾಡಿಕೊಂಡು. ಅವಳು ಫೋನನ್ನು ಮೆಷಿನ್ನಿನ ದೀಪದ ಕೆಳಗೆ ನಿಲ್ಲಿಸಿಕೊಂಡಿದ್ದಳು. ಮೂರು ಐವತ್ತೈದಕ್ಕೆ ಕಾಲು ತೆಗೆದಳು, ಮೆಷಿನ್ನು ನಿಂತಿತು. ನಂಬರು ಎಂಬತ್ತಕ್ಕೆ ಹೋಗಿ, ಎಪ್ಪತ್ತಾರಕ್ಕೆ ಬಂತು. ಅಲ್ಲಿ ಸುಮಾರು ಹೊತ್ತು ತಡೆಯಿತು. ಆಮೇಲೆ ಎಪ್ಪತ್ತೆರಡಾಯಿತು. ಅಲಾರಂ ಬರಲಿಲ್ಲ.

ಅವಳು ಸೂಜಿ ಇಳಿಸಿ, ಅರ್ಧಕ್ಕೆ ನಿಂತಿದ್ದ ತೋಳನ್ನು ಹೊಲಿಯತೊಡಗಿದಳು.