ಪ್ರಭಾಕರ ಸಾರ್ ಮತ್ತು ಒಳ್ಳೆಯತನದ ಪ್ರಶ್ನೆ

ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಪ್ರಭಾಕರ ಸಾರ್ ನನ್ನ ಮೇಲಧಿಕಾರಿ. ಹಾಸನದ ಕಡೆಯವರು. ತಪಾಸಣಾ ವಿಭಾಗದಲ್ಲಿ ಹದಿಮೂರು ವರ್ಷ ಕಬ್ಬಿಣದ ಸರಳು ಅಳೆದವರು, ಕಣ್ಣಾರೆ ನೋಡದ ಯಾವುದಕ್ಕೂ ಸಹಿ ಹಾಕದ ಮನುಷ್ಯ. ಅಂಥವರು 2004ರಲ್ಲಿ, ಐವತ್ತನಾಲ್ಕರ ವಯಸ್ಸಿನಲ್ಲಿ, ಅಂಚೆ ಮೂಲಕ ತತ್ವಶಾಸ್ತ್ರದ ಬಿ.ಎ.ಗೆ ಕಟ್ಟಿದರು. ತಿಂಗಳಿಗೊಂದು ಭಾನುವಾರ ವಿಜಯವಾಡದಲ್ಲಿ ತರಗತಿ.

ಮೊದಲ ಪಾಠ, ನಮಗೆ ಗೊತ್ತಿದೆ ಅನ್ನುವುದು ನಿಜಕ್ಕೂ ಗೊತ್ತಿದೆಯೇ ಎಂಬುದು. ಸಾಂಬಾರಿಗೆ ಉಪ್ಪು ಜಾಸ್ತಿಯಾಗಿದೆಯೋ, ಇಲ್ಲಾ ಹಾಗೆಂದು ತಾನು ನಂಬಿದ್ದೇನೋ ಎಂದು ಅವರು ಮನೆಯಲ್ಲಿ ಕೇಳಿದಾಗ ಹೆಂಡತಿ ಅನುಸೂಯಮ್ಮ ತಟ್ಟೆಯನ್ನೇ ಎತ್ತಿಕೊಂಡು ಹೋದರಂತೆ. ನಾವೆಲ್ಲ ಕ್ಯಾಂಟೀನಿನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಎರಡನೇ ಪಾಠ ನನ್ನ ತಲೆಯ ಮೇಲೇ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು? ಅದು ‘ಒಳ್ಳೆಯದು ಎಂದರೇನು?’

ಆಗ ವಿಜಯವಾಡದಿಂದ ನನಗೊಂದು ಸಂಬಂಧ ಬಂದಿತ್ತು. ಹುಡುಗಿ ಹೇಮಾಕ್ಷಿ. ತಂದೆ ಈಶ್ವರಯ್ಯ ಬಳ್ಳಾರಿಯಿಂದ ಹೋಗಿ ಆಟೋನಗರದಲ್ಲಿ ಲಾರಿ ರಿಪೇರಿ ಶೆಡ್ ಇಟ್ಟವರು. ಅವಳನ್ನು ಒಂದೇ ಸಲ ನೋಡಿದ್ದೆ, ಮನಸ್ಸು ಅಲ್ಲೇ ಉಳಿದಿತ್ತು. ಹುಡುಗನ, ಅಂದರೆ ನನ್ನ, ಬಗ್ಗೆ ವಿಚಾರಿಸಲು ಈಶ್ವರಯ್ಯ ತರಗತಿಯ ಬಾಗಿಲಲ್ಲೇ ಸಾರ್ ಅವರನ್ನು ಹಿಡಿದು, ನಿರಂಜನ ಒಳ್ಳೆಯ ಹುಡುಗನೇ ಎಂದು ಕೇಳಿದರು. ಇಂಥ ಪ್ರಶ್ನೆಗೆ ‘ಬಂಗಾರದಂಥ ಹುಡುಗ’ ಎಂದುಬಿಡುವುದು ಪದ್ಧತಿ. ತಡವರಿಸಿದರೆ ಏನೋ ಇದೆ ಎಂದೇ ಅರ್ಥ. ಸಾರ್ ಐದು ನಿಮಿಷ ಯೋಚಿಸಿದರು. “ದಿನಕ್ಕೆ ಎಂಟು ಗಂಟೆ ನೋಡಿದೀನಿ. ಉಳಿದ ಹದಿನಾರು ಗಂಟೆ ನನಗೆ ಗೊತ್ತಿಲ್ಲ,” ಎಂದರು.

ಸಂಬಂಧ ಮುರಿಯಿತು. ನನಗೆ ಬಂದ ಸಿಟ್ಟಿಗೆ ಅವರ ಪುಸ್ತಕಗಳನ್ನೆಲ್ಲ ಕುಲುಮೆಗೆ ಹಾಕಬೇಕೆನ್ನಿಸಿತು. ಅನುಸೂಯಮ್ಮ ಗಂಡನಿಗೆ ಚೆನ್ನಾಗಿ ಮಂಗಳಾರತಿ ಮಾಡಿ, ಸರಿಮಾಡುವ ತನಕ ಮನೆಗೆ ಬರಬೇಡಿ ಎಂದು ನನ್ನ ಜೊತೆ ವಿಜಯವಾಡದ ರೈಲು ಹತ್ತಿಸಿದರು.

ಶೆಡ್ಡಿನ ಹಿಂದಿನ ಮನೆಯಲ್ಲಿ ಈಶ್ವರಯ್ಯ ಮಜ್ಜಿಗೆ ಕೊಟ್ಟರು, ಮುಖ ಕೊಟ್ಟು ಮಾತಾಡಲಿಲ್ಲ. ಸಾರ್ ಬಾಯಿಂದ ಒಂದು ‘ಒಳ್ಳೆಯವನು’ ಹೊರಡುವುದನ್ನು ಕಾಯುತ್ತಾ ನಾನು ಎರಡನೇ ಲೋಟ ಮಜ್ಜಿಗೆಯನ್ನೂ ಮುಗಿಸಿದೆ. ಕೊನೆಗೆ ಹೇಮಾಕ್ಷಿಯೇ ಒಳಗಿನಿಂದ ಬಂದು ಕೇಳಿದಳು: “ನಿಮಗೆ ಮಗಳಿದಾಳಂತೆ. ಇವರಿಗೆ ಕೊಡ್ತಿದ್ರಾ ಅಂಕಲ್?”

“ಕೊಡೋಣ ಅಂತಲೇ ಇದ್ದೆ,” ಎಂದರು ಸಾರ್, ಒಂದು ಕ್ಷಣವೂ ಯೋಚಿಸದೆ. “ನಮ್ಮ ಗಾನವಿ ಒಪ್ಪಲಿಲ್ಲ. ತುಂಬಾ ಒಳ್ಳೆಯವನು, ಬೇಜಾರು ಅಂದಳು.”

ಈ ವಿಷಯ ನನಗೂ ಹೊಸದು. ಇದ್ದ ಮಾನವೂ ಹೋಯಿತು ಎಂದುಕೊಂಡೆ. ಈಶ್ವರಯ್ಯನವರು ಮಾತ್ರ ‘ತುಂಬಾ ಒಳ್ಳೆಯವನು’ ಎಂಬಷ್ಟನ್ನೇ ಹಿಡಿದು ಪಂಚಾಂಗ ಹುಡುಕಲು ಎದ್ದರು. ಹೇಮಾಕ್ಷಿ ಪೂರ್ತಿ ಕೇಳಿಸಿಕೊಂಡಿದ್ದಳು.

“ಹುಟ್ಟಿದಾಗಿನಿಂದ ಈ ಶೆಡ್ಡಿನ ಬಡಿತ ಕೇಳಿ ಕೇಳಿ ಸಾಕಾಗಿದೆ ನನಗೆ,” ಎಂದಳು, ನನ್ನನ್ನೇ ನೋಡುತ್ತಾ. “ಸ್ವಲ್ಪ ಬೇಜಾರೇ ಬೇಕು.”